ಮೇಲ್ ಸರ್ವರ್‌ನಲ್ಲಿ ಬಳಕೆದಾರರ ಖಾತೆ: ಮೇಲ್ ತಲುಪದಿದ್ದರೆ ಎಲ್ಲಿಂದ ಹುಡುಕಬೇಕು?

ಗಂಗಾವತಿಯ ಅಕ್ಕಿ ಗಿರಣಿ, ಸಿಂಧನೂರಿನ ಬೀಜ-ಗೊಬ್ಬರದ ಅಂಗಡಿ, ಬಳ್ಳಾರಿಯ ಜೀನ್ಸ್ ಘಟಕ, ರಾಯಚೂರಿನ ಹತ್ತಿ ವ್ಯಾಪಾರ. ಇಂಥ ಕಡೆ ಸ್ವಂತ ಡೊಮೇನ್ ಹೆಸರಿನಲ್ಲಿ ಮೇಲ್ ಸರ್ವರ್ ಇಟ್ಟುಕೊಂಡರೆ ಅದನ್ನು ನೋಡಿಕೊಳ್ಳಲು ಬೇರೆ ಆಳು ಇರುವುದಿಲ್ಲ. ಲೆಕ್ಕ ಬರೆಯುವವರೋ, ಕಂಪ್ಯೂಟರ್ ಗೊತ್ತಿರುವ ಮಾಲೀಕರ ಮಗಳೋ ಅದನ್ನೂ ನೋಡಿಕೊಳ್ಳಬೇಕು. "ಮುಂಜಾನೆಯಿಂದ ಮೇಲ್ ಬರವಲ್ವು ನೋಡ್ರಿ" ಅಂತ ಯಾರಾದರೂ ಬಂದು ನಿಂತಾಗ ಅವರಿಗೆ ಬೇಕಾಗುವ ಮಾತುಗಳು ಇಲ್ಲಿವೆ.

ಉಬುಂಟು ಅಥವಾ ಡೆಬಿಯನ್ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಇದೆ ಎಂದುಕೊಂಡು ಬರೆದಿದ್ದೇನೆ. ಪೋಸ್ಟ್‌ಫಿಕ್ಸ್ ಹೊರಗಿನಿಂದ ಮೇಲ್ ತೆಗೆದುಕೊಳ್ಳುತ್ತದೆ. ಡವ್‌ಕಾಟ್ ಅದನ್ನು ಫೋನಿಗೋ ಕಂಪ್ಯೂಟರಿಗೋ ತೋರಿಸುತ್ತದೆ. ಕಮಾಂಡುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಸೆಟ್ಟಿಂಗ್ ಹೆಸರುಗಳಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಖಾತೆ ತೆರೆದರೆ ಮೇಲ್ ಬರುತ್ತದೆ ಅಂತ ಅಲ್ಲ. ಒಂದು ಹೆಸರಿಗೆ ಮೂರು ಕಡೆ ಒಪ್ಪಿಗೆ ಬೇಕು. ಪೋಸ್ಟ್‌ಫಿಕ್ಸ್‌ಗೆ ಆ ಹೆಸರು ಗೊತ್ತಿರಬೇಕು. ಮೇಲ್ ಬೀಳುವ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಆ ಖಾತೆಗೆ ಇರಬೇಕು. ಡವ್‌ಕಾಟ್ ಕೂಡ ಅದೇ ಫೋಲ್ಡರ್‌ನಲ್ಲಿ ಹುಡುಕಬೇಕು. ಮುಂದೆ ಬರುವ ದೋಷಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಯಾವುದೋ ಒಂದು ತಪ್ಪಿದ್ದರಿಂದ ಬಂದವು.

## ಕೈ ಹಚ್ಚುವ ಮೊದಲು

ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಒಳಗಿನ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಫೋಲ್ಡರ್‌ಗಳ ಒಂದು ಪ್ರತಿ ತೆಗೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಆಮೇಲೆ ಮುಂದಿನದು. ನಾಲ್ಕು ಸಾಲು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತಲೂ ಗೊತ್ತಾಗುವುದಿಲ್ಲ, ಯಾವುದರಿಂದ ಕೆಟ್ಟಿತು ಅಂತಲೂ ಗೊತ್ತಾಗುವುದಿಲ್ಲ.

ಪರೀಕ್ಷೆ ಮುಗಿಯುವವರೆಗೆ ಪೋಸ್ಟ್‌ಫಿಕ್ಸಿನ ‘ಸಾಫ್ಟ್ ಬೌನ್ಸ್’ ಸೆಟ್ಟಿಂಗನ್ನು ‘ಯೆಸ್’ ಮಾಡಿ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ. ಆಗ ಪೋಸ್ಟ್‌ಫಿಕ್ಸ್ ಯಾವ ಮೇಲನ್ನೂ ಪೂರ್ತಿ ತಿರಸ್ಕರಿಸುವುದಿಲ್ಲ, ‘ಆಮೇಲೆ ಮತ್ತೆ ಬಾ’ ಎನ್ನುತ್ತದೆ. ನಿಮ್ಮ ಸೆಟ್ಟಿಂಗ್ ತಪ್ಪಿದ್ದರೂ ಗಿರಾಕಿಯ ಆರ್ಡರ್ ವಾಪಸ್ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಆ ಸಾಲನ್ನು ಮರೆಯದೆ ತೆಗೆಯಿರಿ.

ಆಮೇಲೆ ಲಾಗ್ ತೆರೆಯಿರಿ. ವಾರ್ ಒಳಗಿನ ಲಾಗ್ ಫೋಲ್ಡರ್‌ನಲ್ಲಿ ‘ಮೇಲ್ ಡಾಟ್ ಲಾಗ್’ ಎಂಬ ಫೈಲ್ ಇರುತ್ತದೆ. ಡೆಬಿಯನ್ 12ರಿಂದ ಆ ಫೈಲ್ ತಾನಾಗಿ ಬರುವುದಿಲ್ಲ, ‘ಜರ್ನಲ್‌ಸಿಟಿಎಲ್’ ಬಳಸಬೇಕು. ದೂರು ಹೇಳಿದವರಿಂದ ಎರಡೇ ವಿಷಯ ಕೇಳಿ: ಯಾರು ಕಳಿಸಿದ್ದು, ಎಷ್ಟು ಹೊತ್ತಿಗೆ. ಆ ಹೊತ್ತಿನ ಸಾಲಿನ ಕೊನೆಯಲ್ಲಿ ‘ಸ್ಟೇಟಸ್’ ಅಂತ ಇರುತ್ತದೆ. ‘ಸೆಂಟ್’ ಎಂದರೆ ಎಲ್ಲೋ ತಲುಪಿದೆ. ‘ಡಿಫರ್ಡ್’ ಎಂದರೆ ಕಾಯುತ್ತಿದೆ. ‘ಬೌನ್ಸ್ಡ್’ ಎಂದರೆ ವಾಪಸ್ ಹೋಗಿದೆ. ಬಾಗಿಲಲ್ಲೇ ತಡೆದಿದ್ದರೆ ‘ರಿಜೆಕ್ಟ್’ ಎಂಬ ಪದ ಸಿಗುತ್ತದೆ. ಜೊತೆಗಿನ ಅಂಕಿ 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ, 5ರಿಂದ ಶುರುವಾದರೆ ಕಾಯಂ ನಿರಾಕರಣೆ.

ಆ ಹೊತ್ತಿಗೆ ಲಾಗ್‌ನಲ್ಲಿ ಒಂದು ಸಾಲೂ ಇಲ್ಲವೇ? ಹಾಗಾದರೆ ಮೇಲ್ ನಿಮ್ಮ ಸರ್ವರ್ ತನಕ ಬಂದೇ ಇಲ್ಲ. ಖಾತೆಗಳನ್ನು ಮುಟ್ಟಬೇಡಿ. ಡೊಮೇನಿನ ಎಂಎಕ್ಸ್ ದಾಖಲೆ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವುದು), ರೌಟರ್, ಹೊರಗಿನ ಮೇಲ್ ಒಳಬರುವ 25ನೇ ಪೋರ್ಟ್ ನೋಡಿ.

## "ನನಗೆ ಕಳಿಸಿದ ಮೇಲ್ ವಾಪಸ್ ಹೋಗ್ತಿದೆ"

ಲಾಗ್‌ನಲ್ಲಿ 550 ಮತ್ತು ‘ಯೂಸರ್ ಅನ್‌ನೋನ್’ ಇದ್ದರೆ ಪೋಸ್ಟ್‌ಫಿಕ್ಸ್‌ಗೆ ಆ ಹೆಸರು ಸಿಕ್ಕಿಲ್ಲ ಅಂತ ಅರ್ಥ.

ಕಾಸು ಖರ್ಚಿಲ್ಲದ ಪರೀಕ್ಷೆ ಎಂದರೆ ಸ್ಪೆಲ್ಲಿಂಗ್. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ವೀರೇಶನಿಗೆ ಮೊದಲಲ್ಲಿ ಒಂದು ‘ಐ’ ಹಾಕುವವರಿದ್ದಾರೆ, ಎರಡು ‘ಇ’ ಹಾಕುವವರೂ ಇದ್ದಾರೆ. ಹುಲಿಗೆಮ್ಮ, ಶರಣಪ್ಪ, ಪಂಪಾಪತಿ ಎಲ್ಲರದ್ದೂ ಇದೇ ಕತೆ. ವಾಪಸ್ ಹೋದ ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಊರಿನ ಹೆಸರೂ ಇಲ್ಲಿ ಕಾಡುತ್ತದೆ. 2014ರ ನವೆಂಬರ್ 1ರಿಂದ ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು, ಹಾಸ್ಪೆಟ್ ಹೊಸಪೇಟೆ ಆಯಿತು. ಡೊಮೇನ್ ಹೆಸರಿನಲ್ಲೇ ಊರು ಇದ್ದವರು ಹೊಸ ಡೊಮೇನ್ ಕೊಂಡರೂ ಹಳೆ ಗಿರಾಕಿಗಳ ಫೋನಿನಲ್ಲಿ ಹಳೆ ವಿಳಾಸವೇ ಉಳಿದಿರುತ್ತದೆ. ಹಳೆ ಡೊಮೇನನ್ನು ನವೀಕರಿಸುತ್ತಾ ಇರಿ. ಅದನ್ನು ‘ವರ್ಚುವಲ್ ಏಲಿಯಸ್ ಡೊಮೇನ್ಸ್’ನಲ್ಲಿ ಸೇರಿಸಿ, ಪ್ರತಿ ಹಳೆ ವಿಳಾಸಕ್ಕೂ ಹೊಸ ವಿಳಾಸದ ಒಂದೊಂದು ಸಾಲು ಬರೆಯಿರಿ. ಇಡೀ ಡೊಮೇನನ್ನು ಒಂದೇ ಸಾಲಿನಲ್ಲಿ ತಿರುಗಿಸಲು ಬರುತ್ತದೆ ನಿಜ, ಆದರೆ ಬೇಡ. ಹಾಗೆ ಮಾಡಿದರೆ ಇಲ್ಲದ ಹೆಸರುಗಳಿಗೂ ಮೇಲ್ ಒಳಗೆ ಬರುತ್ತದೆ. ಆಮೇಲೆ ನಿಮ್ಮ ಸರ್ವರ್ ಅದನ್ನು ಯಾರ್ಯಾರಿಗೋ ವಾಪಸ್ ಕಳಿಸುತ್ತಾ ಕೂರುತ್ತದೆ. ಸ್ಪ್ಯಾಮ್ ಕಳಿಸುವವರು ಹಾಕುವ ‘ಕಳಿಸಿದವರ ವಿಳಾಸ’ ಸುಳ್ಳಾಗಿರುವುದರಿಂದ ಸಂಬಂಧವೇ ಇಲ್ಲದವರಿಗೆ ಅದು ಹೋಗಿ, ಕೆಟ್ಟ ಹೆಸರು ನಿಮಗೆ ಬರುತ್ತದೆ.

ಸ್ಪೆಲ್ಲಿಂಗ್ ಸರಿ ಇದ್ದರೆ ದೋಷದ ಸಾಲನ್ನು ಪೂರ್ತಿ ಓದಿ. ಯಾವ ಪಟ್ಟಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಪೋಸ್ಟ್‌ಫಿಕ್ಸ್ ತಾನೇ ಹೇಳುತ್ತದೆ.

‘ಲೋಕಲ್ ರೆಸಿಪಿಯೆಂಟ್ ಟೇಬಲ್’ ಅಂತಿದ್ದರೆ ಅದು ಲಿನಕ್ಸ್ ಖಾತೆಗಳಲ್ಲೂ ಏಲಿಯಸ್ ಪಟ್ಟಿಯಲ್ಲೂ (ಒಂದು ಹೆಸರಿಗೆ ಬಂದ ಮೇಲನ್ನು ಇನ್ನೊಂದಕ್ಕೆ ತಿರುಗಿಸುವ ಪಟ್ಟಿ) ಹುಡುಕಿದೆ. ‘ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ’ ಬರೆದು ಮುಂದೆ ಖಾತೆಯ ಹೆಸರು ಹಾಕಿ. ಏನೂ ಬರದಿದ್ದರೆ ಖಾತೆ ಇಲ್ಲ. ಬಂದರೆ ಹೆಸರಿನಲ್ಲಿ ದೊಡ್ಡಕ್ಷರ ಇದೆಯಾ ನೋಡಿ. ಪೋಸ್ಟ್‌ಫಿಕ್ಸ್ ಲೋಕಲ್ ಮೇಲ್ ತಲುಪಿಸುವಾಗ ಹೆಸರನ್ನು ಸಣ್ಣಕ್ಷರಕ್ಕೆ ತಿರುಗಿಸಿ ಹುಡುಕುತ್ತದೆ. ಲಿನಕ್ಸ್‌ಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಹಾಗಾಗಿ ದೊಡ್ಡಕ್ಷರದ ಖಾತೆಗೆ ಮೇಲ್ ತಲುಪುವುದಿಲ್ಲ.

‘ವರ್ಚುವಲ್ ಮೇಲ್‌ಬಾಕ್ಸ್ ಟೇಬಲ್’ ಅಂತಿದ್ದರೆ ಲಿನಕ್ಸ್ ಖಾತೆ ಇಲ್ಲದ ‘ವರ್ಚುವಲ್’ ಖಾತೆಗಳಿಗಾಗಿ ನೀವು ಕೈಯಾರೆ ಬರೆದ ಪಟ್ಟಿಯನ್ನು ಅದು ನೋಡಿದೆ. ಫೈಲಿನಲ್ಲಿ ಹೆಸರು ಕಣ್ಣಿಗೆ ಕಂಡರೆ ಸಾಲದು. ಫೈಲ್ ಬದಲಿಸಿದ ಮೇಲೆ ‘ಪೋಸ್ಟ್‌ಮ್ಯಾಪ್’ ಓಡಿಸಿದರೆ ಮಾತ್ರ ಅದು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ಬರುತ್ತದೆ. ಏಲಿಯಸ್ ಫೈಲಿಗಾದರೆ ‘ನ್ಯೂಏಲಿಯಸಸ್’. ಮರೆತಿದ್ದರೆ ಮೂಲ ಫೈಲಿಗಿಂತ ಡೇಟಾಬೇಸ್ ಹಳೆಯದು ಎಂಬ ಎಚ್ಚರಿಕೆ ಲಾಗ್‌ನಲ್ಲೇ ಇರುತ್ತದೆ. ‘ಪೋಸ್ಟ್‌ಮ್ಯಾಪ್ -ಕ್ಯೂ’ ಬರೆದು ವಿಳಾಸವನ್ನೂ ಪಟ್ಟಿಯ ಹೆಸರನ್ನೂ ಕೊಡಿ. ಉತ್ತರ ಬಂದರೆ ಪಟ್ಟಿ ಸರಿ ಇದೆ, ಸುಮ್ಮನೆ ಮುಗಿದರೆ ಆ ವಿಳಾಸ ಅಲ್ಲಿಲ್ಲ.

ಇನ್ನೊಂದು ಗೋಜಲು ಇದೆ. ಒಂದೇ ಡೊಮೇನನ್ನು ‘ಮೈಡೆಸ್ಟಿನೇಷನ್’ನಲ್ಲೂ (ಲಿನಕ್ಸ್ ಖಾತೆಗಳಿಗೆ ಮೇಲ್ ಹೋಗುವ ಡೊಮೇನ್‌ಗಳ ಪಟ್ಟಿ) ‘ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್’ನಲ್ಲೂ ಬರೆಯುವುದು. ಬೇರೆ ಬೇರೆ ಕಡೆಯ ಸಲಹೆ ನೋಡಿ ಎರಡೂ ಕಡೆ ಹಾಕಿಬಿಡುತ್ತಾರೆ. ಆಗ ಡೊಮೇನ್ ಲೋಕಲ್ ಎಂದೇ ಲೆಕ್ಕ, ವರ್ಚುವಲ್ ಪಟ್ಟಿಯನ್ನು ಪೋಸ್ಟ್‌ಫಿಕ್ಸ್ ನೋಡುವುದೇ ಇಲ್ಲ. ಒಂದು ಡೊಮೇನ್ ಒಂದೇ ಕಡೆ ಇರಬೇಕು. ಒಂದೇ ಡೊಮೇನ್, ಹತ್ತರೊಳಗೆ ಜನ ಇದ್ದರೆ ಲಿನಕ್ಸ್ ಖಾತೆಗಳೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಜನ ಜಾಸ್ತಿ ಇದ್ದರೆ ಅಥವಾ ಡೊಮೇನ್ ಎರಡಾದರೆ ವರ್ಚುವಲ್ ಮಾಡಿ.

ಕೊನೆಯದು, ಪೋಸ್ಟ್‌ಫಿಕ್ಸ್ ಒಪ್ಪಿದ ಮೇಲೆ ಡವ್‌ಕಾಟ್ ‘ಯೂಸರ್ ಡಸಂಟ್ ಎಕ್ಸಿಸ್ಟ್’ ಎಂದು ತಿರುಗಿಸುವುದು. ಆ ಸಾಲಿನಲ್ಲಿ ಹೆಸರಿನ ಜೊತೆ ಡೊಮೇನ್ ಅಂಟಿಕೊಂಡಿದೆಯಾ ನೋಡಿ. ಲಿನಕ್ಸ್ ಖಾತೆಯ ಹೆಸರು ಬರೀ ‘ಬಸವರಾಜ’. ಎಲ್‌ಎಂಟಿಪಿ (ಪೋಸ್ಟ್‌ಫಿಕ್ಸ್ ಮೇಲನ್ನು ಡವ್‌ಕಾಟ್ ಕೈಗೆ ಒಪ್ಪಿಸುವ ದಾರಿ) ಮೂಲಕ ಪೋಸ್ಟ್‌ಫಿಕ್ಸ್ ಕೊಡುವುದು ಪೂರ್ತಿ ವಿಳಾಸ. ಡವ್‌ಕಾಟಿನ ‘ಆಥ್ ಯೂಸರ್‌ನೇಮ್ ಫಾರ್ಮ್ಯಾಟ್’ನಲ್ಲಿ ಡೊಮೇನ್ ಬಿಟ್ಟು ಹೆಸರಷ್ಟನ್ನೇ ತೆಗೆದುಕೊಳ್ಳಲು ಹೇಳಿದರೆ ಸರಿಹೋಗುತ್ತದೆ. ವರ್ಚುವಲ್ ಖಾತೆ ಇರುವವರು ಇದನ್ನು ಮಾಡಬಾರದು. ಎರಡು ಡೊಮೇನಿನ ಇಬ್ಬರು ಬಸವರಾಜರು ಒಂದಾಗಿಬಿಡುತ್ತಾರೆ.

## "ಲಾಗ್‌ನಲ್ಲಿ ತಲುಪಿದೆ ಅಂತಿದೆ, ಇನ್‌ಬಾಕ್ಸ್ ಮಾತ್ರ ಖಾಲಿ"

ಜನರಿಗೆ ಜಾಸ್ತಿ ಗಾಬರಿ ಆಗುವುದು ಇದರಲ್ಲಿ. ಗಾಬರಿ ಬೇಡ. ಮೇಲ್ ಕಳೆದಿಲ್ಲ, ಬೇರೆ ಜಾಗದಲ್ಲಿದೆ.

ಮೊದಲು ಫೋನಿನ ಸ್ಪ್ಯಾಮ್ ಫೋಲ್ಡರ್ ನೋಡಿ. ಆಮೇಲೆ ಲಾಗ್‌ನಲ್ಲಿ ‘ಸೆಂಟ್’ ಪಕ್ಕದ ಮಾತು ಓದಿ. ‘ಡೆಲಿವರ್ಡ್ ಟು ಮೇಲ್‌ಬಾಕ್ಸ್’ ಅಂತಿದ್ದರೆ ವಾರ್ ಒಳಗಿನ ಮೇಲ್ ಫೋಲ್ಡರ್‌ನಲ್ಲಿ ಆ ಹೆಸರಿನ ಒಂದೇ ಫೈಲಿಗೆ ಮೇಲ್ ಸೇರಿದೆ. ‘ಡೆಲಿವರ್ಡ್ ಟು ಮೇಲ್‌ಡಿರ್’ ಅಂತಿದ್ದರೆ ಫೋಲ್ಡರ್ ಒಳಗೆ ಒಂದು ಮೇಲ್‌ಗೆ ಒಂದು ಫೈಲಿನಂತೆ ಬಿದ್ದಿದೆ. ಡವ್‌ಕಾಟ್ ಎಲ್ಲಿ ನೋಡುತ್ತಿದೆ? ‘ಡವ್‌ಕಾನ್ಫ್ -ಎನ್’ ಕೊಟ್ಟು ‘ಮೇಲ್ ಲೊಕೇಷನ್’ ಸಾಲು ಹುಡುಕಿ. ಡವ್‌ಕಾಟ್ 2.4ರಿಂದ ಅದರ ಬದಲು ‘ಮೇಲ್ ಡ್ರೈವರ್’ ಮತ್ತು ‘ಮೇಲ್ ಪಾತ್’ ಬಂದಿವೆ. ಎರಡೂ ಜಾಗ ಒಂದೇ ಆಗಿರಬೇಕು.

ಇಲ್ಲಿ ಒಂದು ಗೀಟಿನಿಂದ ದಿನವೆಲ್ಲ ಹೋಗುವುದುಂಟು. ಪೋಸ್ಟ್‌ಫಿಕ್ಸಿನ ‘ಹೋಮ್ ಮೇಲ್‌ಬಾಕ್ಸ್’ ಸಾಲಿನಲ್ಲಿ ‘ಮೇಲ್‌ಡಿರ್’ ಆದಮೇಲೆ ಓರೆಗೆರೆ ಇದ್ದರೆ ಅದು ಫೋಲ್ಡರ್. ಗೆರೆ ಬಿಟ್ಟರೆ ಅದೇ ಹೆಸರಿನ ಒಂದೇ ಫೈಲ್. ಡವ್‌ಕಾಟ್ ಫೋಲ್ಡರ್ ಹುಡುಕುತ್ತಾ ಇರುತ್ತದೆ, ಅಲ್ಲಿ ಇರುವುದು ಫೈಲ್.

ಆ ವಿಳಾಸಕ್ಕೆ ಹಳೆ ಏಲಿಯಸ್ ಇದೆಯಾ, ಬಳಕೆದಾರರ ಮನೆ ಫೋಲ್ಡರ್‌ನಲ್ಲಿ (ಹೋಮ್ ಫೋಲ್ಡರ್ ಒಳಗಿನ ಅವರ ಸ್ವಂತ ಫೋಲ್ಡರ್) ‘ಡಾಟ್ ಫಾರ್ವರ್ಡ್’ ಫೈಲ್ ಉಳಿದಿದೆಯಾ ಅಂತಲೂ ನೋಡಿ. ರಜೆಗೆ ಹೋದಾಗ ಹಾಕಿದ ಫಾರ್ವರ್ಡ್ ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ.

ಹೊಸ ಮೇಲ್ ಜೊತೆ ಹಳೆಯವೂ ಒಟ್ಟಿಗೆ ಮಾಯವಾಗಿದ್ದರೆ, ಅದೂ ಕರೆಂಟ್ ಹೋಗಿ ಬಂದ ಮೇಲೆ ಆಗಿದ್ದರೆ, ಕಾರಣ ಬೇರೆ. ಮೇಲ್‌ಗಾಗಿ ಎರಡನೇ ಡಿಸ್ಕ್ ಹಾಕಿಕೊಂಡ ಕಡೆ ಸರ್ವರ್ ಮತ್ತೆ ಶುರುವಾದಾಗ ಆ ಡಿಸ್ಕ್ ಮೌಂಟ್ ಆಗದೇ (ತನ್ನ ಫೋಲ್ಡರಿಗೆ ಜೋಡಣೆಯಾಗದೇ) ಉಳಿಯಬಹುದು. ಡಿಸ್ಕ್ ಕೂರಬೇಕಾದ ಜಾಗದಲ್ಲಿ ಖಾಲಿ ಫೋಲ್ಡರ್ ಇರುತ್ತದೆ. ಅದರಲ್ಲಿ ಬರೆಯುವ ಹಕ್ಕು ಇದ್ದರೆ ಪೋಸ್ಟ್‌ಫಿಕ್ಸ್ ಅಲ್ಲೇ ಹೊಸದಾಗಿ ಮೇಲ್ ಹಾಕಲು ಶುರು ಮಾಡುತ್ತದೆ. ‘ಫೈಂಡ್‌ಎಂಎನ್‌ಟಿ’ ಕೊಟ್ಟು ಡಿಸ್ಕ್ ಪಟ್ಟಿಯಲ್ಲಿದೆಯಾ ನೋಡಿ.

ಇಲ್ಲದಿದ್ದರೆ ಅವಸರದಲ್ಲಿ ಮೌಂಟ್ ಮಾಡಬೇಡಿ. ಮಾಡಿದರೆ ಈ ನಡುವೆ ಬಂದ ಮೇಲ್ ಡಿಸ್ಕಿನ ಕೆಳಗೆ ಮುಚ್ಚಿಹೋಗುತ್ತದೆ. ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡನ್ನೂ ನಿಲ್ಲಿಸಿ. ತಪ್ಪಾಗಿ ತುಂಬಿದ ಫೋಲ್ಡರಿನ ಹೆಸರು ಬದಲಿಸಿ, ಹಳೆ ಹೆಸರಿನಲ್ಲಿ ಖಾಲಿ ಫೋಲ್ಡರ್ ಮಾಡಿ, ಆಮೇಲೆ ಡಿಸ್ಕ್ ಮೌಂಟ್ ಮಾಡಿ. ಮೇಲ್‌ಡಿರ್ ಆಗಿದ್ದರೆ ಎತ್ತಿಟ್ಟ ಮೇಲ್ ಫೈಲುಗಳನ್ನು ಒಡೆತನ ಬದಲಾಗದಂತೆ ಆಯಾ ಖಾತೆಯ ‘ನ್ಯೂ’ ಫೋಲ್ಡರಿಗೆ ಪ್ರತಿ ಮಾಡಿ. ಮತ್ತೆ ಹೀಗಾಗದಿರಲು ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಮ್‌ಡಿಯಲ್ಲಿ ಎರಡೂ ಸರ್ವಿಸ್‌ಗೆ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಸಾಲು ಸೇರಿಸಿ (ಇಲ್ಲಿ ಮಾತ್ರ ಅಂಡರ್‌ಸ್ಕೋರ್ ಇಲ್ಲ, ಮೂರು ಪದ ಕೂಡಿಸಿ ಬರೆದು ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡಿ). ಡಿಸ್ಕ್ ಬರದಿದ್ದರೆ ಸರ್ವಿಸ್ ಶುರುವಾಗುವುದೇ ಇಲ್ಲ. ಅದೇ ಒಳ್ಳೆಯದು, ಕಳಿಸಿದವರ ಸರ್ವರ್ ಮೇಲನ್ನು ತನ್ನ ಹತ್ತಿರ ಇಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತದೆ.

## "ಮೇಲ್ ತಡವಾಗಿ ಬರುತ್ತಿದೆ, ಕ್ಯೂನಲ್ಲೇ ನಿಂತಿದೆ"

‘ಮೇಲ್‌ಕ್ಯೂ’ ಕಮಾಂಡ್ ಕೊಡಿ. ನಿಂತ ಪ್ರತಿ ಮೇಲ್‌ನ ಕೆಳಗೆ ಕಾರಣ ಬರೆದಿರುತ್ತದೆ.

ಜಾಗ ಸಾಲುವುದಿಲ್ಲ ಅಂತಿದ್ದರೆ ‘ಡಿಎಫ್ -ಎಚ್’. ಅದರಲ್ಲಿ ಜಾಗ ಖಾಲಿ ಇದ್ದಂತೆ ಕಂಡರೂ ‘ಡಿಎಫ್ -ಐ’ ಕೊಟ್ಟು ನೋಡಿ. ಮೇಲ್‌ಡಿರ್‌ನಲ್ಲಿ ಒಂದೊಂದು ಮೇಲ್ ಒಂದೊಂದು ಫೈಲ್. ಜಾಗ ಇದ್ದರೂ ಐನೋಡ್ (ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾಗುವ ಒಂದು ನಮೂದು) ಮುಗಿದಿದ್ದರೆ ಹೊಸ ಫೈಲ್ ಹುಟ್ಟುವುದಿಲ್ಲ.

‘ಪರ್ಮಿಷನ್ ಡಿನೈಡ್’ ಅಂತಿದ್ದರೆ ಒಡೆತನದ ಸಮಸ್ಯೆ. ಖಾತೆ ಹೊಸದೋ? ಡೆಬಿಯನ್‌ನಲ್ಲಿ ‘ಯೂಸರ್‌ಆಡ್’ಗೆ ‘-ಎಂ’ ಸೇರಿಸದಿದ್ದರೆ ಮನೆ ಫೋಲ್ಡರ್ ಆಗುವುದಿಲ್ಲ. ಹೋಮ್ ಫೋಲ್ಡರ್ ಒಳಗೆ ಹೊಸದೊಂದನ್ನು ಮಾಡಿಕೊಳ್ಳುವ ಹಕ್ಕು ಆ ಬಳಕೆದಾರರಿಗಿಲ್ಲ. ‘ಆಡ್‌ಯೂಸರ್’ ಬಳಸಿ, ಅದು ಮನೆ ಫೋಲ್ಡರನ್ನೂ ಮಾಡುತ್ತದೆ. ಖಾತೆ ಹಳೆಯದಾಗಿದ್ದು ಬೇರೆ ಸರ್ವರ್‌ನಿಂದ ಬಂದಿದ್ದರೆ ‘ಎಲ್‌ಎಸ್ -ಎಲ್‌ಎನ್’ ಕೊಟ್ಟು ಒಡೆಯರ ಅಂಕಿ (ಲಿನಕ್ಸ್ ಪ್ರತಿ ಖಾತೆಗೆ ಕೊಡುವ ಸಂಖ್ಯೆ, ಯುಐಡಿ) ನೋಡಿ. ಹಳೆ ಸರ್ವರ್‌ನಲ್ಲಿ ಅಮರೇಶನ ಅಂಕಿ 1001, ಹೊಸದರಲ್ಲಿ 1004 ಆಗಿದ್ದರೆ ಅವನ ಮೇಲ್ ಫೈಲುಗಳು ಇನ್ನೂ 1001ರ ಹೆಸರಿನಲ್ಲೇ ಇರುತ್ತವೆ. ‘ಚೌನ್’ ಕೊಟ್ಟು ಸರಿಪಡಿಸಿ. ಫೋಲ್ಡರ್ ಹಕ್ಕು 700 ಇರಲಿ.

777 ಮಾತ್ರ ಹಾಕಬೇಡಿ. ದೋಷ ಹೋಗುತ್ತದೆ ನಿಜ. ಆದರೆ ಆ ಸರ್ವರ್‌ಗೆ ಬರುವ ಯಾರು ಬೇಕಾದರೂ ಅವರ ಮೇಲ್ ಓದಬಹುದು, ಅಳಿಸಬಹುದು.

ವರ್ಚುವಲ್ ಖಾತೆಗಳಲ್ಲಿ ಎಲ್ಲರ ಮೇಲ್‌ಗೂ ಒಬ್ಬನೇ ಒಡೆಯ ಇರುತ್ತಾನೆ, ಸಾಮಾನ್ಯವಾಗಿ ‘ವಿಮೇಲ್’ ಅಂತ ಹೆಸರು. ಆ ಖಾತೆಯ ಅಂಕಿ 5000ದಂತೆ ದೊಡ್ಡದಿರಲಿ. ಡವ್‌ಕಾಟಿನ ‘ಫಸ್ಟ್ ವ್ಯಾಲಿಡ್ ಯುಐಡಿ’ ಸೆಟ್ಟಿಂಗ್ ನೀವು ಬದಲಿಸದಿದ್ದರೆ 500 ಇರುತ್ತದೆ. ಅದಕ್ಕಿಂತ ಚಿಕ್ಕ ಅಂಕಿಯ ಖಾತೆಗೆ ಮೇಲ್ ಮುಟ್ಟಲು ಅದು ಬಿಡುವುದಿಲ್ಲ.

ಕಾರಣ ಸರಿಪಡಿಸಿದ ಮೇಲೆ ‘ಪೋಸ್ಟ್‌ಕ್ಯೂ -ಎಫ್’ ಒಂದು ಸಲ ಕೊಟ್ಟರೆ ನಿಂತವು ಹೊರಡುತ್ತವೆ. ಅವಸರ ಇಲ್ಲದಿದ್ದರೆ ಅದೂ ಬೇಡ. ಪೋಸ್ಟ್‌ಫಿಕ್ಸ್ 300 ಸೆಕೆಂಡಿನಿಂದ ಹಿಡಿದು ಹೆಚ್ಚೆಂದರೆ 4000 ಸೆಕೆಂಡ್ ಬಿಟ್ಟು ಬಿಟ್ಟು ತಾನೇ ಪ್ರಯತ್ನಿಸುತ್ತದೆ. 5 ದಿನವಾದರೂ ಆಗದಿದ್ದರೆ ಮಾತ್ರ ವಾಪಸ್ ಕಳಿಸುತ್ತದೆ. ಅಂದರೆ ಶನಿವಾರ ಸಂಜೆ ಕೆಟ್ಟಿದ್ದನ್ನು ಸೋಮವಾರ ಕೂತು ನಿಧಾನವಾಗಿ ನೋಡಿದರೂ ಕ್ಯೂನಲ್ಲಿರುವ ಮೇಲ್ ಹೋಗುವುದಿಲ್ಲ. ಕ್ಯೂ ಪೂರ್ತಿ ಅಳಿಸುವ ಕಮಾಂಡ್ ಕೊಟ್ಟರೆ ಮಾತ್ರ ಹೋದದ್ದು ಹೋದಂತೆಯೇ.

## "ದೊಡ್ಡ ಫೈಲ್ ಇದ್ದರೆ ಬರಲ್ಲ"

ಪೋಸ್ಟ್‌ಫಿಕ್ಸ್ ತಾನಾಗಿ ಒಪ್ಪುವ ಮೇಲ್‌ನ ಗಾತ್ರ 10240000 ಬೈಟ್, ಅಂದರೆ ಸುಮಾರು 10 ಎಂಬಿ. ಫೈಲ್ ಮೇಲ್‌ಗೆ ಸೇರುವಾಗ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ಹಾಗಾಗಿ 8 ಎಂಬಿಯ ಸ್ಕ್ಯಾನ್ ಮಾಡಿದ ಬಿಲ್ಲೂ ತಿರುಗಿ ಹೋಗಬಹುದು. ‘ಮೆಸೇಜ್ ಸೈಜ್ ಲಿಮಿಟ್’ ಹೆಚ್ಚಿಸಿ. ಆದರೆ ವರ್ಚುವಲ್ ಖಾತೆಗಳಿಗೆ ‘ವರ್ಚುವಲ್ ಮೇಲ್‌ಬಾಕ್ಸ್ ಲಿಮಿಟ್’ 51200000 ಬೈಟ್ ಇರುತ್ತದೆ. ಮೊದಲನೆಯದು ಇದನ್ನು ಮೀರಿದರೆ ಒಂದು ಮೇಲೂ ತಲುಪುವುದಿಲ್ಲ. ಎರಡನ್ನೂ ನೋಡಿಕೊಂಡು ಬದಲಿಸಿ.

## "ಪಾಸ್‌ವರ್ಡ್ ಸರಿ ಹಾಕಿದರೂ ಒಳಗೆ ಬಿಡ್ತಿಲ್ಲ"

ಫೋನನ್ನು ಬದಿಗಿಟ್ಟು ಸರ್ವರ್‌ನಲ್ಲೇ ‘ಡವ್‌ಅಡ್ಮ್ ಆಥ್ ಟೆಸ್ಟ್’ ಕೊಟ್ಟು ನೋಡಿ. ಅಲ್ಲಿ ಪಾಸಾದರೆ ಖಾತೆ ಸರಿ ಇದೆ, ತೊಂದರೆ ಫೋನಿನ ಸೆಟ್ಟಿಂಗ್‌ನಲ್ಲೋ ದಾರಿಯಲ್ಲೋ ಇದೆ. ಫೇಲ್ ಆದರೆ ಹೆಸರನ್ನು ಒಮ್ಮೆ ಡೊಮೇನ್ ಜೊತೆ, ಒಮ್ಮೆ ಡೊಮೇನ್ ಇಲ್ಲದೆ ಹಾಕಿ ನೋಡಿ. ಲಿನಕ್ಸ್ ಖಾತೆಗೆ ‘ಪಾಸ್‌ಡಬ್ಲ್ಯೂಡಿ’ಗೆ ದೊಡ್ಡಕ್ಷರದ ‘-ಎಸ್’ ಸೇರಿಸಿ ಕೊಟ್ಟಾಗ ಎರಡನೇ ಪದ ‘ಎಲ್’ ಬಂದರೆ ಖಾತೆಗೆ ಬೀಗ ಬಿದ್ದಿದೆ. ಪಾಸ್‌ವರ್ಡ್ ಕೊಡದೆ ತೆರೆದ ಹೊಸ ಖಾತೆಯೂ ಹೀಗೇ ತೋರಿಸುತ್ತದೆ. ಮೇಲ್ ಓದಲು ಮಾತ್ರ ಬರುವವರಿಗೆ ಶೆಲ್ (ಸರ್ವರ್‌ನಲ್ಲಿ ಕಮಾಂಡ್ ಕೊಡುವ ಕಿಟಕಿ) ‘ನೋಲಾಗಿನ್’ ಇರಲಿ. ಸಾಮಾನ್ಯವಾಗಿ ಅದರಿಂದ ಮೇಲ್‌ಗೆ ತೊಂದರೆ ಆಗುವುದಿಲ್ಲ.

ಸರ್ವರ್ ಹೊರಗೆಲ್ಲೋ ಇದ್ದು, ಇಡೀ ಆಫೀಸಿಗೆ ಒಟ್ಟಿಗೇ ಒಳಗೆ ಬಿಡದೆ, ಮೊಬೈಲ್ ಡೇಟಾದಲ್ಲಿ ಮಾತ್ರ ಕೆಲಸ ಮಾಡಿದರೆ ಫೇಲ್‌2ಬ್ಯಾನ್ ನೋಡಿ. ಒಬ್ಬರು ತಪ್ಪು ಪಾಸ್‌ವರ್ಡ್ ಹಾಕುತ್ತಾ ಹೋದರೆ ಆಫೀಸಿನ ಐಪಿಯೇ ಬ್ಯಾನ್ ಆಗುತ್ತದೆ.

ಸರ್ಟಿಫಿಕೇಟ್ ತಪ್ಪು ಅಂತ ಬಂದರೆ ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ಗಡಿಯಾರ ನೋಡಿ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಕು ಹಿಂದಕ್ಕೆ ಹೋಗಿರುತ್ತದೆ. ಗಡಿಯಾರ ಸರಿ ಇದ್ದರೆ, ನವೀಕರಿಸಿದ ಸರ್ಟಿಫಿಕೇಟನ್ನು ಡವ್‌ಕಾಟ್ ಇನ್ನೂ ಓದಿಲ್ಲದಿರಬಹುದು. ರೀಲೋಡ್ ಮಾಡಿ.

## "ಬರುತ್ತೆ, ಆದರೆ ಕಳಿಸಲು ಆಗ್ತಿಲ್ಲ"

‘ರಿಲೇ ಆಕ್ಸೆಸ್ ಡಿನೈಡ್’ ಎಂದರೆ ಫೋನು ಲಾಗಿನ್ ಆಗದೆ ಕಳಿಸಲು ನೋಡುತ್ತಿದೆ. ಕಳಿಸುವ ಪೋರ್ಟ್ 587 ಅಥವಾ 465 ಇರಲಿ, ಪಾಸ್‌ವರ್ಡ್ ಆಯ್ಕೆ ಆನ್ ಇರಲಿ. ಇದನ್ನು ಸರಿಮಾಡಲು ‘ಮೈನೆಟ್‌ವರ್ಕ್ಸ್’ನಲ್ಲಿ (ಪಾಸ್‌ವರ್ಡ್ ಇಲ್ಲದೆ ಕಳಿಸಲು ಬಿಡುವ ಐಪಿ ವಿಳಾಸಗಳ ಪಟ್ಟಿ) ಎಲ್ಲ ವಿಳಾಸಗಳನ್ನೂ ಸೇರಿಸಿಬಿಟ್ಟರೆ ಜಗತ್ತಿನ ಸ್ಪ್ಯಾಮ್ ಎಲ್ಲ ನಿಮ್ಮ ಸರ್ವರ್ ಮೂಲಕ ಹೋಗುತ್ತದೆ.

## "ಹೊಸಬರಿಗೆ ಹಳಬರ ಮೇಲ್ ಕಾಣ್ತಿದೆ"

ಇದು ಬೇರೆಯವರ ಖಾಸಗಿ ಮಾತಿನ ವಿಷಯ. ತಕ್ಷಣ ಆ ಖಾತೆಗೆ ಬೀಗ ಹಾಕಿ. ಕಾರಣ ಎರಡು ಇರಬಹುದು. ಕೆಲಸ ಬಿಟ್ಟವರ ಹೆಸರನ್ನೇ ಹೊಸಬರಿಗೆ ಕೊಟ್ಟಿರಬಹುದು. ಇಬ್ಬರು ಮೂವರು ಬಸವರಾಜರಿರುವ ಆಫೀಸಿನಲ್ಲಿ ಇದು ಸುಲಭವಾಗಿ ಆಗುತ್ತದೆ. ಇಲ್ಲವೇ ಹಳೆ ಖಾತೆ ಅಳಿಸಿದಾಗ ಖಾಲಿಯಾದ ಅಂಕಿ ಹೊಸ ಖಾತೆಗೆ ಸಿಕ್ಕಿ, ಉಳಿದಿದ್ದ ಫೈಲುಗಳಿಗೆ ಅವರೇ ಒಡೆಯರಾಗಿರಬಹುದು. ಕೆಲಸ ಬಿಟ್ಟವರ ಖಾತೆಯನ್ನು ಅಳಿಸಬೇಡಿ, ಬೀಗ ಹಾಕಿ ಇಡಿ. ಲೆಕ್ಕಪತ್ರದ ಮೇಲ್ ಆಮೇಲೆ ಬೇಕಾಗುತ್ತದೆ ಅಲ್ವಾ. ಹೊಸಬರಿಗೆ ಇನಿಷಿಯಲ್ ಸೇರಿಸಿ ಬೇರೆ ಹೆಸರು ಕೊಡಿ. ಗಿರಾಕಿಗಳಿಗೆ ಕೊಡುವ ವಿಳಾಸ ಆದಷ್ಟೂ ವಿಭಾಗದ ಹೆಸರಿನಲ್ಲಿ ಇರಲಿ, ‘ಲೆಕ್ಕ’, ‘ಖರೀದಿ’ ಅಂತ. ಅದನ್ನು ಏಲಿಯಸ್ ಮಾಡಿದರೆ ಜನ ಬದಲಾದಾಗ ಒಂದು ಸಾಲು ಬದಲಿಸಿದರೆ ಸಾಕು.

## ಇಲ್ಲಿಗೆ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಯಿರಿ

ಕರ್ನಲ್ ಲಾಗ್‌ನಲ್ಲಿ ಡಿಸ್ಕಿನ ‘ಐ/ಓ ಎರರ್’ ಕಂಡರೆ ಅಥವಾ ಡಿಸ್ಕ್ ಕಟಕಟ ಸದ್ದು ಮಾಡಿದರೆ ಸರ್ವರ್ ಆಫ್ ಮಾಡಿ. ರಿಪೇರಿ ಕಮಾಂಡ್ ಓಡಿಸಬೇಡಿ. ಯುಪಿಎಸ್ ಸುಟ್ಟ ವಾಸನೆ ಬಂದರೆ, ಕ್ಯಾಬಿನೆಟ್ ಮುಟ್ಟಿದಾಗ ಶಾಕ್ ಹೊಡೆದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಅರ್ಥಿಂಗ್ ಸರಿಯಾಗುವವರೆಗೆ ಸರ್ವರ್ ಮುಟ್ಟಬೇಡಿ.

ಕ್ಯೂನಲ್ಲಿ ಗುರುತಿಲ್ಲದ ವಿಳಾಸಗಳಿಗೆ ಹೋಗುವ ಸಾವಿರಾರು ಮೇಲ್ ಇದ್ದರೆ ಯಾರದ್ದೋ ಪಾಸ್‌ವರ್ಡ್ ಕಳುವಾಗಿದೆ. ಲಾಗ್‌ನಲ್ಲಿ ‘ಸಾಸ್ಲ್ ಯೂಸರ್‌ನೇಮ್’ ಹುಡುಕಿದರೆ ಯಾವ ಖಾತೆ ಅಂತ ಗೊತ್ತಾಗುತ್ತದೆ. ಅದಕ್ಕೆ ಬೀಗ ಹಾಕಿ, ಪೋಸ್ಟ್‌ಫಿಕ್ಸ್ ನಿಲ್ಲಿಸಿ, ಲಾಗ್ ಫೈಲಿನ ಪ್ರತಿ ತೆಗೆದಿಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಸುಳ್ಳು ಮೇಲ್ ನಂಬಿ ಯಾರಾದರೂ ಬೇರೆ ಖಾತೆಗೆ ಹಣ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಹಾಯ ಕೇಳುವಾಗ ‘ಪೋಸ್ಟ್‌ಕಾನ್ಫ್ -ಎನ್’ ಮತ್ತು ‘ಡವ್‌ಕಾನ್ಫ್ -ಎನ್’ ತೋರಿಸುವ ಸಾಲುಗಳನ್ನು, ದೋಷದ ಹೊತ್ತಿನ ಲಾಗನ್ನು ಹಾಗೇ ಕಳಿಸಿ. ಫೋಟೋ ಬೇಡ, ಬರಹದ ಫೈಲೇ ಇರಲಿ. ಕೊನೆಗೆ ಬದಲಿಸಿದ್ದು ಏನು, ಯಾವಾಗ ಅಂತ ಬರೆಯಿರಿ. ಪಾಸ್‌ವರ್ಡ್ ಇರುವ ಸಾಲು, ಗಿರಾಕಿಗಳ ವಿಳಾಸ ಎರಡನ್ನೂ ಅಳಿಸಿ ಕಳಿಸಿ.